ಸಿಹಿ ಗಾಳಿಯ ಕೋಣೆ

ಬೆಳಗಿನ ಒಂಬತ್ತಕ್ಕೆ ಕಥೆಯಕ್ಕ ಮಕ್ಕಳ ಹಲ್ಲಿನ ಆಸ್ಪತ್ರೆಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಕೈಚೀಲವನ್ನು ಮೊಳೆಗೆ ಸಿಕ್ಕಿಸಿ ನೀಲಿ ಕೋಟು ತೊಟ್ಟಳು. ಗುಂಡಿ ಹಾಕುವಾಗ ಎರಡು ಸಲ ಬೆರಳು ಜಾರಿತು. ಮೂರನೆಯ ಸಲ ತಲೆ ಬಗ್ಗಿಸಿ, ಕಣ್ಣಿಟ್ಟು ನೋಡಿಕೊಂಡು ಹಾಕಿದಳು. ಸಿಂಕಿನ ಹತ್ತಿರ ಇಕ್ಕಳಗಳನ್ನು ತೊಳೆಯುತ್ತಿದ್ದ ಕಿರಿಯ ಸಹಾಯಕಿ ತಿರುಗಿ ನೋಡಿದವಳು ಅವಳ ಪಾದಗಳನ್ನೇ ದಿಟ್ಟಿಸಿದಳು.

"ಅಕ್ಕಾ, ಇನ್ನೊಂದು ಚಪ್ಪಲಿ ಎಲ್ಲಿ?"

ಕಥೆಯಕ್ಕ ಕೆಳಗೆ ನೋಡಿದಳು. ಬಲಗಾಲಿನಲ್ಲಿ ಚಪ್ಪಲಿಯಿತ್ತು. ಎಡಗಾಲು ಬರಿಗಾಲು. ಪಾದದ ಅಂಚಿಗೆಲ್ಲ ರಸ್ತೆಯ ಮಣ್ಣು, ಹೆಬ್ಬೆರಳಿನ ಪಕ್ಕ ಸಣ್ಣಗೆ ರಕ್ತ.

"ಬರ್ತಾ ಎಲ್ಲೋ ಬಿದ್ದಿರ್ಬೇಕು," ಎಂದು ನಕ್ಕಳು. "ನನ್ನ ತಲೆ ಒಂದಿದ್ರೆ ಕಾಲು ಇರಲ್ಲ, ಕಾಲಿದ್ರೆ ತಲೆ ಇರಲ್ಲ."

ಕಿರಿಯಳೂ ನಕ್ಕಳು. ಓಡಿಹೋಗಿ ಹುಡುಕಿದಾಗ ಚಪ್ಪಲಿ ಎರಡು ಬೀದಿಯಾಚೆ, ಬಸ್ಸು ನಿಲ್ಲುವ ಜಾಗದಲ್ಲಿ ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ಜಲ್ಲಿ, ಕಲ್ಲು, ಬಿಸಿಯೇರಿದ ಡಾಂಬರು ಎಲ್ಲವನ್ನೂ ಆ ಕಾಲು ದಾಟಿ ಬಂದಿತ್ತು. ಒಂದನ್ನೂ ಅದು ಅವಳಿಗೆ ತಿಳಿಸಿರಲಿಲ್ಲ.

ಅವಳಿಗೆ ಕಥೆಯಕ್ಕ ಎಂಬ ಹೆಸರಿಟ್ಟವರು ಅಲ್ಲಿಗೆ ಬರುವ ಮಕ್ಕಳು. ಹುಳುಕು ಹಲ್ಲು ಕೊರೆಯುವ ಮೊದಲು ಡಾಕ್ಟರು ಮಗುವಿನ ಮೂಗಿಗೆ ಪುಟ್ಟದೊಂದು ಮಾಸ್ಕ್ ಇಟ್ಟು ಗ್ಯಾಸ್ ಬಿಡುತ್ತಿದ್ದರು. ನಗೆ ಅನಿಲ ಎಂದು ಪುಸ್ತಕದಲ್ಲಿ ಹೆಸರಿದ್ದರೂ ಮಕ್ಕಳು ಅದರಿಂದ ನಗುತ್ತಿದ್ದುದು ಕಡಿಮೆ. ಕಣ್ಣು ಅರ್ಧ ಮುಚ್ಚಿ, ಮೈ ಸಡಿಲಿಸಿ, ತೇಲುವವರಂತೆ ಮಲಗುತ್ತಿದ್ದರು. ಗ್ಯಾಸ್ ಹಿಡಿಯುವವರೆಗೆ ಮಗು ಹೆದರಬಾರದಲ್ಲ, ಅದಕ್ಕೆ ಕಥೆಯಕ್ಕ ಪಕ್ಕದ ಸ್ಟೂಲಿನಲ್ಲಿ ಕೂತು, ಅದರ ಕೆನ್ನೆಗೆ ತನ್ನ ಕೆನ್ನೆ ತಾಗುವಷ್ಟು ಬಾಗಿ, ಪಿಸುದನಿಯಲ್ಲಿ ಕಥೆ ಹೇಳುತ್ತಿದ್ದಳು. ಹೇಳುವುದು ಒಂದೇ ಕಥೆ, ದಿನಕ್ಕೊಂದು ರೀತಿಯಲ್ಲಿ. ನೀರಿನಡಿಯಲ್ಲಿ ಒಂದು ಊರಿದೆ. ಅಲ್ಲಿ ಯಾರಿಗೂ ಅವಸರವಿಲ್ಲ. ಬೀದಿಯಲ್ಲಿ ನಡೆಯುವವರ ಕಾಲು ನೆಲಕ್ಕೆ ತಾಗುವುದಿಲ್ಲ. ಮನೆಗಳಿಗೆ ಮೆಟ್ಟಿಲಿಲ್ಲ, ಕಿಟಕಿಯಿಂದಲೇ ಈಜಿ ಒಳಗೆ ಹೋಗುವುದು.

ಮಾಸ್ಕಿನ ಅಂಚಿನಿಂದಲೂ ಮಗುವಿನ ಬಾಯಿಂದಲೂ ಹೊರಬರುವ ಗಾಳಿ ಅವಳ ಮುಖಕ್ಕೇ ಬರುತ್ತಿತ್ತು. ಇದ್ದೂ ಇಲ್ಲದ ಹಾಗೆ ಅದಕ್ಕೊಂದು ಸಿಹಿ ವಾಸನೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕಾರು ಮಕ್ಕಳ ಸರದಿ ಮುಗಿದಿರುತ್ತಿತ್ತು. ರಸ್ತೆಯ ಗಲಾಟೆ ಬೇಡವೆಂದು ಕಿಟಕಿಗಳನ್ನು ಸದಾ ಮುಚ್ಚಿಡುತ್ತಿದ್ದರು. ಏಸಿ ಅದೇ ಗಾಳಿಯನ್ನು ತಣ್ಣಗೆ ಮಾಡಿ ಮತ್ತೆ ಮತ್ತೆ ಸುತ್ತಿಸುತ್ತಿತ್ತು. ನೀಲಿ ಪರದೆಯೊಳಗಿಂದ ಬಂದ ಬಿಸಿಲು ಗೋಡೆಯ ಮೇಲೆ ಅಲುಗುತ್ತಿತ್ತು. ಡಾಕ್ಟರ ಮಾತು ದೂರದ ದಡದಿಂದ ಬಂದಂತೆ ಕೇಳುತ್ತಿತ್ತು. ತಾನು ಹೇಳುತ್ತಿರುವ ಕಥೆ ಎಲ್ಲಿಗೆ ಮುಗಿಯಿತು, ತಾನೆಲ್ಲಿ ಶುರುವಾದೆ ಎಂಬುದು ಅವಳಿಗೆ ತಿಳಿಯುತ್ತಿರಲಿಲ್ಲ. ಭಾರವೆಂಬುದೇ ಇಲ್ಲದ ಆ ಗಂಟೆಗಳನ್ನು ಅವಳು ಪ್ರೀತಿಸುತ್ತಿದ್ದಳು.

ಆ ಊರಿನಲ್ಲಿ ಅವಳಿಗೆ ಇಬ್ಬರು ಮಕ್ಕಳಿದ್ದರು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈ ಆಸ್ಪತ್ರೆಗೆ ಸೇರಿದ ಎರಡನೆಯ ವರ್ಷ ಅವಳಿಗೆ ಮೂರು ತಿಂಗಳಿಗೆ ಗರ್ಭ ಹೋಗಿತ್ತು. ನಾಲ್ಕನೆಯ ವರ್ಷ ಮತ್ತೊಮ್ಮೆ. ಆಮೇಲೆ ಆಗಲೇ ಇಲ್ಲ. ಹುಟ್ಟದೆ ಹೋದ ಆ ಇಬ್ಬರು ನೀರಿನಡಿಯ ಬೀದಿಯಲ್ಲಿ ಆಡಿಕೊಂಡಿರುತ್ತಿದ್ದರು. ಅವರ ಮುಖ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ. ಸಂಜೆ ಎಲ್ಲರೂ ಹೊರಟ ಮೇಲೆ ಮಾಸ್ಕ್ ಒರೆಸಿಡುವುದು ಅವಳ ಕೆಲಸ. ಅವರನ್ನು ಇನ್ನೊಂದಿಷ್ಟು ಹತ್ತಿರದಿಂದ ನೋಡಬೇಕೆಂದು ಒಂದು ದಿನ ಅವಳು ಕೊಳವೆಯ ತಿರುಪನ್ನು ಸ್ವಲ್ಪ ತಿರುಗಿಸಿ ಮಾಸ್ಕನ್ನು ತನ್ನ ಮೂಗಿಗೇ ಇಟ್ಟುಕೊಂಡಳು. ಐದಾರು ಉಸಿರು, ಅಷ್ಟೆ. ಆಮೇಲೆ ಅದು ವಾರಕ್ಕೆ ಒಂದೆರಡು ಸಲವಾಯಿತು. ಈ ವರ್ಷ ದಿನಕ್ಕೊಮ್ಮೆಯಾಗಿತ್ತು.

ಮನೆಯಲ್ಲಿ ಗಂಡ ಮತ್ತು ಅತ್ತೆ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಯಾರದೋ ಕಟ್ಟಡದಲ್ಲಿ ಯಾರೋ ಸಿಕ್ಕಿಹಾಕಿಕೊಂಡರೆ ಊಟದ ತಟ್ಟೆ ಬಿಟ್ಟು ಓಡಬೇಕು. ಅತ್ತೆ ಮೂವತ್ತೊಂದು ವರ್ಷ ಬಟ್ಟೆಯ ಮಿಲ್ಲಿನಲ್ಲಿ ಮಗ್ಗ ನಡೆಸಿದವಳು. ಮಗ್ಗಗಳ ಸದ್ದಿಗೆ ಕಿವಿ ಹೋಗಿತ್ತು. ಆದರೆ ಆ ಸದ್ದಿನೊಳಗೇ ಮಿಲ್ಲಿನ ಹೆಂಗಸರು ಒಬ್ಬರ ತುಟಿಯನ್ನೊಬ್ಬರು ಓದಿಕೊಂಡು ಮಾತಾಡುತ್ತಿದ್ದರಂತೆ. ಹಾಗಾಗಿ ಎದುರಿಗಿದ್ದವರ ಮಾತು ಅವಳಿಗೆ ಕಣ್ಣಿನಿಂದಲೇ ತಿಳಿಯುತ್ತಿತ್ತು. ಅವಳು ಆಡುವ ಮಾತು ಮಾತ್ರ ಮೂರು ಮನೆಯಾಚೆಗೂ ಕೇಳುತ್ತಿತ್ತು. ಎರಡನೆಯ ಗರ್ಭ ಹೋದಾಗ, "ನಿನ್ನ ಹೊಟ್ಟೇಲಿ ಏನೂ ನಿಲ್ಲಲ್ಲ ಕಣೇ," ಎಂದದ್ದೂ ಹಾಗೇ ಕೇಳಿತ್ತು. ಒಂದೇ ಸಲ ಅಂದದ್ದು. ಆ ಸಂಜೆ ಇಡೀ ಕಟ್ಟಡ ಸುಮ್ಮನಾಗಿತ್ತು.

ಚಪ್ಪಲಿ ಕಳೆದ ವಾರದಲ್ಲೇ ಕಥೆಯಕ್ಕ ಬಚ್ಚಲಲ್ಲಿ ಬಿದ್ದಳು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದೇ ತಡ, ನೆಲ ಎಲ್ಲಿದೆ ಎಂದು ಕಾಲಿಗೆ ತಿಳಿಯದೆ ಹೋಯಿತು. ಬಿದ್ದ ಸದ್ದು ಅತ್ತೆಗೆ ಕೇಳಿಸಲಿಲ್ಲ. ಆದರೆ ನೆಲ ಅದುರಿದ್ದು ಅಂಗಾಲಿಗೆ ತಿಳಿದು ಓಡಿಬಂದಳು. ಸೊಸೆಯನ್ನು ಎತ್ತಿ ಕೂರಿಸಿ, ಟವೆಲ್ಲಿನಿಂದ ಮುಖದ ಸೋಪು ಒರೆಸಿದಳು. ಪಾದದ ಮೇಲೆ ಉಗುರಿನಿಂದ ಜೋರಾಗಿ ಗೀರಿದಳು.

"ಗೊತ್ತಾಯ್ತಾ?"

"ಏನು?"

"ಗೀರಿದ್ದು."

ಕಥೆಯಕ್ಕ ಬಾಗಿ ಪಾದದ ಮೇಲಿನ ಗೀರನ್ನು ನೋಡಿದಳು. ಅತ್ತೆ ಬಚ್ಚಲ ಹೊಸ್ತಿಲ ಮೇಲೆಯೇ ಕೂತುಕೊಂಡಳು.

"ಎಷ್ಟು ದಿನದಿಂದ?"

"ಆರೇಳು ತಿಂಗಳಾಯ್ತು ಅತ್ತೆ. ಮೊದ್ಲು ಜುಮ್ ಅಂತಿತ್ತು. ನಿಂತು ನಿಂತು ಹಾಗಾಗತ್ತೆ ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದಳು ಅತ್ತೆ. ಎಂದಿಗಿಂತ ಸ್ವರ ತಗ್ಗಿತ್ತು. "ಕಿವಿ ಒಂದೇ ದಿನ ಹೋಗಲ್ಲ ಕಣೇ. ಮೊದ್ಲು ಹಕ್ಕಿ ಹೋಯ್ತು. ಈ ವರ್ಷ ಹಕ್ಕಿಗಳೇ ಬರ್ಲಿಲ್ಲ ಅಂದ್ಕೊಂಡೆ. ಆಮೇಲೆ ನಲ್ಲಿ ಹನಿಯೋದು ಹೋಯ್ತು. ನಲ್ಲಿ ಸರಿಹೋಯ್ತು ಅಂದ್ಕೊಂಡೆ. ಕೊನೆಗೆ ನಿನ್ನ ಗಂಡ ಬಾಗಿಲ ಆಚೆ ನಿಂತು ಅಮ್ಮಾ ಅಮ್ಮಾ ಅಂತ ಬಡೀತಿದ್ದಾನೆ, ನಾನು ಒಳಗೆ ಬಟ್ಟೆ ಮಡಚ್ತಾ ಇದೀನಿ. ಆವತ್ತು ಗೊತ್ತಾಯ್ತು. ಏಳು, ನಾಳೆ ಡಾಕ್ಟರ ಹತ್ರ ಹೋಗೋಣ."

ಮರುದಿನ ಗಂಡನಿಗೆ ಹನ್ನೆರಡನೆಯ ಮಹಡಿಯಲ್ಲಿ ಕೆಲಸ. ಅತ್ತೆಯೇ ಜೊತೆಗೆ ಹೊರಟಳು. ನರದ ಡಾಕ್ಟರು ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡೇ ಅದನ್ನು ಮೇಜಿನ ಮೇಲೆ ಹುಡುಕುತ್ತಿದ್ದರು. ಹತ್ತಿ ಸವರಿದರು, ಸೂಜಿ ಚುಚ್ಚಿದರು, ಕಾಲು ಜೋಡಿಸಿ ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಕಥೆಯಕ್ಕ ಗಾಳಿಗೆ ಸಿಕ್ಕ ಪರದೆಯಂತೆ ಓಲಾಡಿದಾಗ ಹಿಡಿದುಕೊಂಡರು.

"ಏನು ಕೆಲಸ ಮಾಡ್ತೀರಿ?"

ಆರೇಳು ತಿಂಗಳಲ್ಲಿ ಅವಳು ಎರಡು ಕಡೆ ತೋರಿಸಿ ಮಾತ್ರೆ ತಂದಿದ್ದಳು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳು ಹೇಳಿದಳು. ಗ್ಯಾಸಿನ ಮಾತು ಬಂದ ಕೂಡಲೇ ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

"ಮಗು ಹೊರಗೆ ಬಿಡೋ ಗ್ಯಾಸನ್ನ ಎಳ್ಕೊಂಡು ಹೊರಗೆ ಹಾಕೋ ಮೋಟರ್ ಇದೆಯಾ?"

"ಇತ್ತು. ಅದರ ಸದ್ದಿಗೆ ಮಕ್ಕಳು ಹೆದರ್ತಿದ್ವು ಅಂತ ಆರಿಸಿದ್ರು. ಆಮೇಲೆ ಅದರ ಪೈಪೂ ಹರಿದುಹೋಯ್ತು."

"ಮಗುಗೆ ಹದಿನೈದು ನಿಮಿಷ ಕೊಟ್ರೆ ಏನೂ ಆಗಲ್ಲ. ನೀವು ಒಂಬತ್ತು ವರ್ಷ, ದಿನವಿಡೀ ಉಸಿರಾಡಿದೀರಿ. ನರಗಳಿಗೆ ಬೇಕಾದ ಒಂದು ವಿಟಮಿನ್ ಇದೆ. ಆ ಗ್ಯಾಸು ಅದನ್ನ ಕೆಲಸಕ್ಕೆ ಬಾರದ ಹಾಗೆ ಮಾಡತ್ತೆ." ಡಾಕ್ಟರು ಅವಳ ಮುಖವನ್ನೇ ನೋಡಿದರು. "ಕೋಣೆಯ ಗಾಳಿಯಿಂದ ಇಷ್ಟೊಂದು ಆಗೋದು ಅಪರೂಪ. ಬೇರೆ ಯಾವ ರೀತೀಲಾದ್ರೂ ಒಳಗೆ ಹೋಗಿದೆಯಾ?"

"ಇಲ್ಲ," ಎಂದಳು ಕಥೆಯಕ್ಕ.

ಡಾಕ್ಟರು ಅದನ್ನು ಬರೆದುಕೊಂಡು, ಮುಂದಿನದನ್ನು ಕೇಳಿದರು. "ಮಕ್ಕಳು?"

"ಎರಡು ಸಲ ನಿಂತಿತ್ತು. ಉಳೀಲಿಲ್ಲ. ಅದೂ ಇದರಿಂದಲೇ ಇರಬಹುದಾ?"

"ಇದರಿಂದಲೇ ಅಂತ ಬರೆದುಕೊಡೋಕೆ ನನ್ನಿಂದಾಗಲ್ಲಮ್ಮ. ಗರ್ಭ ಹೋಗೋಕೆ ನೂರು ಕಾರಣ ಇರ್ತವೆ. ಆದ್ರೆ ಮೋಟರ್ ಇಲ್ಲದ ಇಂಥ ಕೋಣೆಗಳಲ್ಲಿ ಕೆಲಸ ಮಾಡೋ ಹೆಂಗಸರಿಗೆ ಹೀಗಾಗೋದು ಜಾಸ್ತಿ ಅಂತ ಗೊತ್ತಿದೆ. ಇದರಿಂದ ಅಲ್ಲ ಅಂತ ಮಾತ್ರ ಖಂಡಿತಾ ಹೇಳಲಾರೆ. ಕಾಲಿಗೆ ಇಂಜೆಕ್ಷನ್ ಶುರು ಮಾಡೋಣ. ಆ ಕೋಣೆಗೆ ಮಾತ್ರ ಹೋಗ್ಬೇಡಿ. ಹೋದ್ರೆ ನಾನು ಕೊಡೋದೆಲ್ಲ ನೀರಲ್ಲಿ ಹಾಕಿದ ಹಾಗೆ."

ಕಥೆಯಕ್ಕ ತಿರುಗಿ ನೋಡಿದಾಗ ಅತ್ತೆಯ ಕಣ್ಣು ಡಾಕ್ಟರ ತುಟಿಗಳ ಮೇಲಿತ್ತು. ಒಂದು ಅಕ್ಷರವನ್ನೂ ಅವಳು ಬಿಟ್ಟಿರಲಿಲ್ಲ. ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಲೇ ಇದ್ದಳು. ಇಳಿಯುವ ಜಾಗ ಬಂದದ್ದೂ ಅವಳಿಗೆ ತಿಳಿಯಲಿಲ್ಲ. ಸೊಸೆಯೇ ಭುಜ ಮುಟ್ಟಿ ಎಬ್ಬಿಸಬೇಕಾಯಿತು.

ಆದರೂ ಎರಡು ದಿನ ಬಿಟ್ಟು ಅವಳು ಕೆಲಸಕ್ಕೆ ಹೋದಳು. ಗಂಡ ಬೇಡವೆಂದ. ಹೇಳಿ ಬಿಟ್ಟುಬರುತ್ತೇನೆ ಎಂದಳು. ಬಿಟ್ಟುಬರುವುದು ಸುಲಭ, ಹೇಳುವುದು ಹೇಗೆ? ಹಲ್ಲಿನ ಡಾಕ್ಟರು ಕೆಟ್ಟವರಲ್ಲ. ಅವಳು ಸೇರಿದ ದಿನದಿಂದ ಒಮ್ಮೆಯೂ ಗದರಿದವರಲ್ಲ. ತನ್ನ ಕಾಲಿನ ವಿಷಯ ಎತ್ತಿದರೆ ಸಂಜೆಯ ವಿಷಯವೂ ಹೊರಗೆ ಬರುತ್ತದೆ. ಸಿಲಿಂಡರ್ ಈಚೆಗೆ ಬೇಗ ಬೇಗ ಖಾಲಿಯಾಗುತ್ತಿದೆ ಎಂದು ಅವರು ಒಂದೆರಡು ಸಲ ಗೊಣಗಿದ್ದೂ ಇತ್ತು. ಸುಮ್ಮನೆ ಮೈ ಸರಿಯಿಲ್ಲವೆಂದು ಚೀಟಿ ಬರೆದಿಟ್ಟು ಹೋದರಾಯಿತು ಎಂದುಕೊಂಡೇ ಬಾಗಿಲು ತಳ್ಳಿದಳು.

ಅವಳಿಲ್ಲದ ಎರಡು ದಿನ ಕಿರಿಯಳು ಸ್ಟೂಲಿನ ಮೇಲೆ ಕೂತಿದ್ದಳು. ಕಥೆ ಹೇಳಲು ಬಾರದೆ ಮಕ್ಕಳಿಗೆ ಒಂದರಿಂದ ನೂರರವರೆಗೆ ಎಣಿಸಿದಳಂತೆ. "ನಲವತ್ತಕ್ಕೆ ನಂಗೇ ನಿದ್ದೆ ಬರ್ತಿತ್ತಕ್ಕ," ಎಂದು ನಕ್ಕು, ಅತ್ತಿತ್ತ ನೋಡಿ ಹತ್ತಿರ ಬಂದಳು. "ನಿಮಗೇ ಮೊದ್ಲು ಹೇಳ್ತಿರೋದು. ಏಳು ವಾರ ಆಯ್ತು. ಅಮ್ಮಂಗೂ ಇನ್ನೂ ಹೇಳಿಲ್ಲ."

ಅವಳ ಮುಖ ಬೆಳಗಿತ್ತು. ಕಥೆಯಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು. ಹಿಡಿದ ಕೈಗಳು ಬೆಚ್ಚಗಿವೆಯೋ ತಣ್ಣಗಿವೆಯೋ ಅವಳ ಬೆರಳಿಗೆ ತಿಳಿಯಲಿಲ್ಲ. "ನೀನು ಇವತ್ತು ಹೊರಗಿನ ಮೇಜಿನ ಹತ್ರ ಕೂತ್ಕೋ," ಎಂದಳು. "ನಾನು ಕರೆಯೋ ತನಕ ಒಳಗೆ ಬರ್ಬೇಡ."

ಮೊದಲ ಮಗು ಬರಲು ಇನ್ನೂ ಅರ್ಧ ಗಂಟೆಯಿತ್ತು. ಡಾಕ್ಟರು ಕುರ್ಚಿಯ ದೀಪ ಸರಿಮಾಡುತ್ತಿದ್ದರು. ಅರವತ್ತು ಸಮೀಪಿಸಿದ ಮನುಷ್ಯ. ಕಾಲಿನ ಬಗ್ಗೆ, ಗ್ಯಾಸಿನ ಬಗ್ಗೆ ಕಥೆಯಕ್ಕ ಹೇಳಿದ್ದನ್ನು ಕೊನೆಯವರೆಗೂ ಕೇಳಿ, ಕೈಗವಸು ತೆಗೆದಿಟ್ಟರು.

"ನೋಡಿ, ಈ ಗ್ಯಾಸು ನನ್ನ ಅಜ್ಜನ ಕಾಲದಿಂದ ಇದೆ. ಇಪ್ಪತ್ತೆರಡು ವರ್ಷದಿಂದ ನಾನೂ ಇದೇ ಕೋಣೇಲಿ ನಿಂತಿದೀನಿ. ಏನಾಗಿದೆ ನಂಗೆ? ನಾನು ಚಿಕ್ಕವನಿದ್ದಾಗ ನನ್ನನ್ನ ಇಬ್ಬರು ಹಿಡಿದುಕೊಂಡು ಹಲ್ಲು ಕಿತ್ರು. ಆ ಕಿರುಚಾಟ ಇನ್ನೂ ನನ್ನ ಕಿವೀಲಿದೆ. ನನ್ನ ಕುರ್ಚೀಲಿ ಯಾವ ಮಗೂನೂ ಕಿರುಚಬಾರದು ಅಂತ ಇಷ್ಟೆಲ್ಲ ಮಾಡ್ದೆ. ಆ ಮೋಟರ್ ಆರಿಸಿದ್ದೂ ಅದಕ್ಕೇ."

"ಗೊತ್ತು ಸಾರ್. ಮಕ್ಕಳಿಗೆ ಒಳ್ಳೇದೇ ಆಗಿದೆ."

"ಮತ್ತೆ ನಿಮ್ಮ ಕಾಲಿಗೆ ಇದೇ ಕಾರಣ ಅಂತ ಹೇಗೆ ಹೇಳ್ತೀರಿ?"

ನೀಲಿ ಪರದೆಯ ಬೆಳಕು ಗೋಡೆಯ ಮೇಲೆ ಅಲುಗುತ್ತಿತ್ತು. ಒಂದು ಉಸಿರು ತೆಗೆದುಕೊಂಡರೆ ಸಾಕು, ಎಲ್ಲ ಹಗುರವಾಗುತ್ತದೆ ಎಂದು ಮೈ ಹೇಳುತ್ತಿತ್ತು. ಕಥೆಯಕ್ಕ ಸ್ಟೂಲಿನ ಅಂಚು ಹಿಡಿದು ನಿಂತಳು.

"ನನ್ನ ವಿಷಯದಲ್ಲಿ ನೀವು ಕೇಳೋದು ಸರಿ ಸಾರ್. ಸಂಜೆ ಒರೆಸಿಡುವಾಗ ನಾನೇ ಮಾಸ್ಕ್ ಹಾಕ್ಕೊಳ್ತಿದ್ದೆ. ಎರಡು ವರ್ಷ ಆಯ್ತು. ಸಿಲಿಂಡರ್ ಬೇಗ ಖಾಲಿಯಾಗ್ತಿದ್ದದ್ದು ನನ್ನಿಂದ."

ಡಾಕ್ಟರ ಮುಖ ಬಿಳುಪೇರಿತು. "ಅಂದ್ರೆ ಇದು ನೀವೇ ಮಾಡ್ಕೊಂಡಿದ್ದು."

"ಕಾಲಿನದು ಅರ್ಧಕ್ಕರ್ಧ ನಾನೇ ಮಾಡ್ಕೊಂಡಿದ್ದಿರಬಹುದು. ಬೇಕಾದ್ರೆ ಪೂರ್ತಿ ಅನ್ನಿ. ಆದ್ರೆ ಆ ಹುಡುಗಿ ಒಂದು ದಿನಾನೂ ಹಾಕ್ಕೊಂಡಿಲ್ಲ. ಎರಡು ದಿನ ಕೂತಿದ್ದಕ್ಕೇ ಅವಳಿಗೆ ನಲವತ್ತು ಎಣಿಸೋಷ್ಟರಲ್ಲಿ ಕಣ್ಣೆಳೀತಿತ್ತಂತೆ. ನನ್ನೆರಡೂ ಗರ್ಭ ಹೋದಾಗ ನಾನೂ ಮಾಸ್ಕ್ ಮುಟ್ಟಿರ್ಲಿಲ್ಲ ಸಾರ್. ಬರೀ ಕಥೆ ಹೇಳ್ತಿದ್ದೆ."

ಡಾಕ್ಟರು ಕಿಟಕಿಯ ಹತ್ತಿರ ಹೋಗಿ, ವರ್ಷಗಳಿಂದ ತೆಗೆಯದ ಚಿಲಕವನ್ನು ಎಳೆಯಲು ನೋಡಿದರು. ಅದು ಬಿಗಿದುಕೊಂಡಿತ್ತು. ಇಕ್ಕಳದಿಂದ ಬಡಿದರು. ಕಿಟಕಿ ತೆರೆದಾಗ ಬೀದಿಯ ಹಾರ್ನು, ಯಾರದೋ ನಗು, ಧೂಳು ಎಲ್ಲ ಒಟ್ಟಿಗೆ ಒಳಗೆ ಬಂದವು.

"ನರದ ಡಾಕ್ಟರ ನಂಬರ್ ಕೊಡಿ," ಎಂದರು.

ನರದ ಡಾಕ್ಟರು ಹೇಳಿ ತರಿಸಿದ ಸಣ್ಣ ಬಿಲ್ಲೆಯೊಂದನ್ನು ಹಲ್ಲಿನ ಡಾಕ್ಟರು ತಮ್ಮ ಕಾಲರಿಗೇ ಸಿಕ್ಕಿಸಿಕೊಂಡರು. ಸುತ್ತಲಿನ ಗಾಳಿಯಲ್ಲಿ ಎಷ್ಟು ಗ್ಯಾಸ್ ಇದೆಯೆಂಬುದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಎಂದಿನ ಗಾಳಿಯನ್ನೇ ಅಳೆಯಬೇಕೆಂದು ಮತ್ತೆ ಕಿಟಕಿ ಮುಚ್ಚಿ, ಕಿರಿಯಳನ್ನು ಹೊರಗೇ ಇರಿಸಿ, ಒಬ್ಬರೇ ಒಂದು ದಿನ ಕೆಲಸ ಮಾಡಿದರು. ಸ್ಟೂಲಿನ ಮೇಲೂ ಅವರೇ ಕೂತರು. ಬಿಲ್ಲೆ ಪರೀಕ್ಷೆಗೆ ಹೋಗಿ, ವಾರದ ನಂತರ ಕಾಗದ ಬಂತು. ಇರಬಹುದಾದ ಮಿತಿಗಿಂತ ಹದಿನಾಲ್ಕು ಪಟ್ಟು. ಆ ದಿನವೇ ಅವರು ಗ್ಯಾಸಿನ ಕೊಳವೆ ಬಿಚ್ಚಿಸಿ, ಎಳೆಯುವ ಹೊಸ ಮೋಟರು ಬರುವವರೆಗೆ ಗ್ಯಾಸ್ ಇಲ್ಲವೆಂದು ಬಾಗಿಲಿಗೆ ಬರೆದು ಅಂಟಿಸಿದರು. ಆಮೇಲೆ ಫೋನಿನಲ್ಲಿ ಹೇಳುವುದು ಸರಿಯಲ್ಲವೆಂದು ಕಾಗದ ಹಿಡಿದು ಕಥೆಯಕ್ಕನ ಮನೆಗೇ ಬಂದರು.

ಅತ್ತೆ ಚಹಾ ಕೊಟ್ಟಳು. ಅವರು ಕುಡಿಯಲಿಲ್ಲ.

"ನಾನೇ ಸುಳ್ಳು ಹೇಳಿದ್ದೆ," ಎಂದರು. "ನಂಗೇನಾಗಿದೆ ಅಂದೆನಲ್ಲ. ಹೋದ ವರ್ಷದಿಂದ ನಂಗೆ ಮಕ್ಕಳ ಹೆಸರು ನೆನಪಿರಲ್ಲ. ಎಡಗೈಯ ಎರಡು ಬೆರಳು ಮರದ ಹಾಗಿವೆ. ವಯಸ್ಸಾಯ್ತು ಅಂದ್ಕೊಂಡೆ." ಕಪ್ಪಿನ ಹಿಡಿಕೆಯನ್ನು ಸುಮ್ಮನೆ ತಿರುಗಿಸಿದರು. "ಇನ್ನೊಂದಿದೆ. ನಿಮಗಿಂತ ಮುಂಚೆ ಒಬ್ಬರು ಇದ್ರು. ಎಂಟು ವರ್ಷ ಇದ್ರು. ಮೂರು ಸಲ ಅವರಿಗೂ ನಿಮ್ಮ ಹಾಗೇ ಆಯ್ತು. ಕೊನೆಗೆ ಕಾಲಲ್ಲಿ ಶಕ್ತಿ ಇಲ್ಲ ಅಂತ ಬಿಟ್ಟುಹೋದ್ರು. ನಾನು ಹೂವು ಕಳಿಸಿದ್ದೆ."

ಅವರು ಹೋದ ಮೇಲೆ ಕಥೆಯಕ್ಕ ಆ ಕಾಗದವನ್ನು ತಿರುಗಿಸಿ ನೋಡಿದಳು. ಡಾಕ್ಟರು ಅದರ ಹಿಂದೆ ಮೊದಲಿದ್ದಾಕೆಯ ವಿಳಾಸ ಬರೆದುಕೊಟ್ಟಿದ್ದರು. ಅವರಿಗೇ ಹೋಗುವ ಧೈರ್ಯವಿರಲಿಲ್ಲವೆಂದು ತೋರುತ್ತದೆ. ಇಂಜೆಕ್ಷನ್ನುಗಳಿಂದ ಅವಳ ಪಾದದಲ್ಲಿ ಈಚೆಗೆ ಇರುವೆ ಹರಿದಂತೆ ಆಗುತ್ತಿತ್ತು. ನೋವೂ ಇತ್ತು. ನೋಯುವುದು ಒಳ್ಳೆಯ ಲಕ್ಷಣ ಎಂದು ನರದ ಡಾಕ್ಟರು ಹೇಳಿದ್ದರು. ಸಂಜೆಯಾದರೆ ಮಾಸ್ಕಿನ ನೆನಪು ಬಂದು ಕೈ ಚಡಪಡಿಸುತ್ತಿತ್ತು. ಅದನ್ನೂ ಅವಳು ಈಗ ಆ ಡಾಕ್ಟರಿಂದ ಮುಚ್ಚಿಟ್ಟಿರಲಿಲ್ಲ. ಗಂಡನಿಗೂ ಹೇಳಿದ್ದಳು. ಅವನು ಆ ಹೊತ್ತಿಗೆ ಮನೆಗೆ ಬರುವುದನ್ನು ರೂಢಿ ಮಾಡಿಕೊಂಡಿದ್ದ.

"ನಾಳೆ ಬೆಳಿಗ್ಗೆ ಹೋಗಿಬರ್ತೀನಿ," ಎಂದು ವಿಳಾಸ ತೋರಿಸಿದಾಗ ಅತ್ತೆ, "ಒಬ್ಬಳೇ ಹತ್ತೋಕಾಗಲ್ಲ. ನಾನೂ ಬರ್ತೀನಿ," ಎಂದಳು.

ಹಳೆಯ ಕಟ್ಟಡದ ಮೂರನೆಯ ಮಹಡಿ. ಮೆಟ್ಟಿಲಿನ ತಿರುವಿನಲ್ಲಿ ಒಣಹಾಕಿದ ಬಟ್ಟೆಗಳ ನಡುವಿಂದ ಬಿಸಿಲು ಇಳಿದಿತ್ತು. ಕಥೆಯಕ್ಕ ಪ್ರತಿ ಮೆಟ್ಟಿಲನ್ನೂ ಕಣ್ಣಿನಿಂದ ನೋಡಿ, ಆಮೇಲೆ ಕಾಲಿಟ್ಟಳು. ಅತ್ತೆ ಅವಳ ಮೊಳಕೈ ಹಿಡಿದಿದ್ದಳು. ಬಾಗಿಲು ತೆರೆದಾಕೆಗೆ ಐವತ್ತರ ಸುಮಾರು. ಕೈಯಲ್ಲಿ ಊರುಗೋಲು. ಯಾವ ಆಸ್ಪತ್ರೆಯಿಂದ ಬಂದವಳೆಂದು ತಿಳಿದ ಮೇಲೆ ಆಕೆಯ ಮುಖ ಅರಳಿತು.

"ಡಾಕ್ಟರು ಚೆನ್ನಾಗಿದ್ದಾರಾ? ಬಹಳ ಒಳ್ಳೇ ಮನುಷ್ಯ. ಕೆಲಸ ಬಿಟ್ಟಾಗ ಹೂವು ಕಳಿಸಿದ್ರು."

ಒಳಗೆ ಕರೆದು ಕೂರಿಸಿದಳು. ಒಬ್ಬಳೇ ಇರುವ ಕೋಣೆ. ಒಂದು ಮಂಚ, ಒಂದು ಕುರ್ಚಿ, ನಡೆಯುವಾಗ ಹಿಡಿದುಕೊಳ್ಳಲು ಗೋಡೆಯುದ್ದಕ್ಕೂ ಕಟ್ಟಿದ ಹಗ್ಗ. ಕಥೆಯಕ್ಕ ಕಾಗದ ತೆಗೆದು, ನಡೆದದ್ದನ್ನೆಲ್ಲ ನಿಧಾನವಾಗಿ ಹೇಳಿದಳು. ತನ್ನ ಸಂಜೆಗಳನ್ನೂ ಬಿಡಲಿಲ್ಲ. ನರದ ಡಾಕ್ಟರು ಹೇಗೆ ಹೇಳಿದ್ದರೋ ಹಾಗೆಯೇ, ಖಂಡಿತ ಎನ್ನದೆ, ಖಂಡಿತ ಅಲ್ಲವೆಂದೂ ಅನ್ನದೆ ಹೇಳಿದಳು. ಅವರ ಹತ್ತಿರ ತೋರಿಸಿಕೊಳ್ಳಿ, ಈಗಲೂ ಒಂದಿಷ್ಟು ಸರಿಹೋಗಬಹುದು ಎಂದಳು.

ಆಕೆ ಕಾಗದವನ್ನು ಓದಲಿಲ್ಲ. ಅದನ್ನು ಮಡಿಲಲ್ಲಿಟ್ಟು ಅಂಗೈಯಿಂದ ಸವರುತ್ತಿದ್ದಳು. ಹೊರಗೆ ಯಾರೋ ಬಟ್ಟೆ ಕೊಡವಿದ ಸದ್ದಾಯಿತು.

"ನಮ್ಮ ಮನೆಯವರು ಅದಕ್ಕೇ ಬಿಟ್ಟುಹೋದ್ರು," ಎಂದಳು ಕೊನೆಗೆ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ. "ನನ್ನಲ್ಲೇ ಏನೋ ಐಬಿದೆ ಅಂತ ಎಲ್ಲರೂ ಅಂದ್ರು. ನಾನೂ ಹಾಗೇ ನಂಬ್ಕೊಂಡೆ. ಹಾಗಾದ್ರೆ... ನನ್ನ ತಪ್ಪಲ್ಲ ಅಂತೀರಾ?"

ಕಥೆಯಕ್ಕ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದಳು. ಅಷ್ಟು ಹೊತ್ತೂ ಆಕೆಯ ತುಟಿಗಳನ್ನೇ ನೋಡುತ್ತಿದ್ದ ಅವಳು ಹತ್ತಿರ ಹೋಗಿ ಆಕೆಯ ತಲೆಯ ಮೇಲೆ ಕೈಯಿಟ್ಟಳು.

"ಇಲ್ಲಮ್ಮಾ," ಎಂದಳು, ತನ್ನ ಮಗ್ಗದ ದನಿಯಲ್ಲಿ, ಮೂರೂ ಮಹಡಿಗೆ ಕೇಳುವ ಹಾಗೆ. "ನಿನ್ನ ತಪ್ಪಲ್ಲ." ಒಂದು ಉಸಿರು ನಿಂತು, ಸೊಸೆಯ ಕಡೆ ತಿರುಗದೆಯೇ, ಅಷ್ಟೇ ಜೋರಾಗಿ ಹೇಳಿದಳು. "ಇವಳದ್ದೂ ಅಲ್ಲ."